ಬಾಟಲಿಯಲ್ಲಿ ಕೆರೆ

ಹಾಸನಕ್ಕೆ ಕಡಲಿಲ್ಲ.
ಶಿರಾಡಿ ಇಳಿದು ಹೋದರೆ ಉಂಟು, ನಾಲ್ಕು ತಾಸು,
ದಾರಿ ಕುಸಿಯದಿದ್ದರೆ.
ನಮ್ಮ ಪ್ರಾಣಿಶಾಸ್ತ್ರ ವಿಭಾಗಕ್ಕೆ ಮಾತ್ರ
ಮೂರು ಕಪಾಟು ಕಡಲಿತ್ತು.

ಎರಡನೆಯದರಲ್ಲಿ, ಕೈಗೆಟುಕುವ ಎತ್ತರದಲ್ಲಿ,
ಅಂಬಲಿಮೀನು.
ಮಂಡಪಂ, ಎಪ್ಪತ್ತನಾಲ್ಕು, ಎಂದು ಚೀಟಿ;
ತಂದವರ ಹೆಸರನ್ನು ಜಿರಲೆ ತಿಂದಿದೆ.
ನೀರಿನಲ್ಲಿದ್ದಾಗ ನೀರೇ ಆಗಿದ್ದದ್ದು
ಫಾರ್ಮಾಲಿನ್ನಿಗೆ ಬಿದ್ದ ಮೇಲೆ ಕಾಣಿಸತೊಡಗಿತು,
ಗಂಜಿ ಹಾಕಿದ ಹಳೇ ಪಂಚೆಯ ಬಣ್ಣ.
ಪಕ್ಕದಲ್ಲಿ ಕಡಲಹೂವು,
ದಾರ ಎಳೆದು ಬಾಯಿ ಮುಚ್ಚಿದ ಎಲೆಅಡಿಕೆ ಚೀಲ.
ಮೇಲಿನ ಹಲಗೆಯಲ್ಲಿ ಹವಳದ ತುಂಡು.
ಇದು ಕಲ್ಲಲ್ಲ ಎಂದರೆ
ಮೊದಲ ವರ್ಷದ ಮಕ್ಕಳು ನಂಬುವುದಿಲ್ಲ.
"ಹಾಗಾದರೆ ನಮ್ಮಜ್ಜಿ ಸರದಲ್ಲಿರೋದು?" ಎಂದವಳಿಗೆ
ಅದೂ ಮನೆಯೇ ಕಣಮ್ಮ, ಖಾಲಿ ಮಾಡಿಸಿದ್ದು, ಎಂದಿದ್ದೆ.

ಸಣ್ಣತಾಯಮ್ಮ ಅಟೆಂಡರ್.
ಜಾಡಿಗಳಿಗೆ ದ್ರವ ತುಂಬುವಾಗ ಕಣ್ಣು ಉರಿದು
ಸೆರಗಿನಲ್ಲಿ ಒರೆಸಿಕೊಂಡು
"ಇವುಕ್ಕೋಸ್ಕರ ಇಪ್ಪತ್ತೊಂದು ವರ್ಷ ಅತ್ತಿದೀನಿ ಸಾ,
ನಮ್ಮತ್ತೆ ಸತ್ತಾಗ್ಲೂ ಇಷ್ಟು ಅತ್ತಿಲ್ಲ" ಎನ್ನುವಳು.
ಬಲಗೈ ತೋರುಬೆರಳಿನ ತುದಿ ಅವಳಿಗಿಲ್ಲ.
ಹುಡುಗಿಯಾಗಿದ್ದಾಗ, ಹೆತ್ತೂರಿನ ಕಡೆ ಎಸ್ಟೇಟಿನಲ್ಲಿ,
ಕಾಫಿ ಪಲ್ಪರ್ ತಿಂದದ್ದು.

ಪ್ರಾಕ್ಟಿಕಲ್ಲಿಗೆ ಜೀವಂತ ಹೈಡ್ರಾ ಬೇಕೆಂದಾಗ
ಅವಳೇ ಹೋದಳು ಸತ್ಯಮಂಗಲದ ಕೆರೆಗೆ.
ಹಾರ್ಲಿಕ್ಸ್ ಬಾಟಲಿಯಲ್ಲಿ ತಂದಳು
ನೀರು, ಪಾಚಿ, ಎರಡು ಕೊಳೆತ ಎಲೆ, ಬೇಡದ ಒಂದು ಬಸವನಹುಳು.
ಏನೂ ಇಲ್ಲವಲ್ಲ ಎಂದೆ.
"ತಡೀರಿ, ನಾಚ್ಕೆ ಅವುಕ್ಕೆ."
ಕಿಟಕಿಯಲ್ಲಿಟ್ಟಳು. ಎರಡು ದಿನ ಕಳೆಯಿತು.
ಮೂರನೆಯ ಬೆಳಿಗ್ಗೆ ಬೆಳಕಿನ ಕಡೆಯ ಗಾಜಿಗೆ
ಹದಿನಾಲ್ಕು ದಾರದ ಚೂರು,
ತುದಿ ಮಾತ್ರ ಎಳೆಎಳೆಯಾಗಿ ಬಿಚ್ಚಿಕೊಂಡು.

ಲೆನ್ಸ್ ಕೊಟ್ಟು ಹೇಳುತ್ತಾ ಹೋದೆ, ಹುಡುಗರು ಬರುವ ಮೊದಲು:
ಆ ಕಪಾಟಿನವರೆಲ್ಲ ಇದರ ನೆಂಟರು.
ಹವಳದ ಮೈಯೊಳಗೆ ಪಾಚಿ ಬಾಡಿಗೆಗಿರುತ್ತದೆ,
ಬಾಡಿಗೆ ಸಕ್ಕರೆಯಲ್ಲಿ;
ನೀರು ಕಾದ ವರ್ಷ ಒಕ್ಕಲನ್ನು ಹೊರಗಟ್ಟಿ
ಒಡೆಯನೂ ಬಿಳಿಚಿ ಹಸಿದು ಹೋಗುತ್ತಾನೆ.
ಇದಕ್ಕೆ ಅಷ್ಟು ದೊಡ್ಡ ಸಂಸಾರವಿಲ್ಲ.
ಮಿದುಳಿಲ್ಲ, ಮೈತುಂಬ ನರಗಳ ಒಂದು ಬಲೆ.
ಎಳೆಯೆಳೆಯಲ್ಲೂ ಸುತ್ತಿಟ್ಟ ಮುಳ್ಳುದಾರ;
ತಾಗಿದ ನೀರುಚಿಗಟ ತಾಗಿದ್ದು ತಿಳಿಯುವ ಮೊದಲೇ ಸೆಟೆಯುತ್ತದೆ.
ಉಣ್ಣುವುದಕ್ಕೂ ಉಗುಳುವುದಕ್ಕೂ ಒಂದೇ ಬಾಗಿಲು.
ಊಟ ಮುಗಿದರೆ ಆ ಬಾಗಿಲೂ ಗೋಡೆ:
ಅಂಚಿಗೆ ಅಂಚು ಬೆಸೆದು, ಗಾಯದ ಗುರುತಿಲ್ಲ.
ಮತ್ತೆ ಹಸಿದಾಗ
ತನ್ನ ಬಾಯಿ ತಾನೇ ಹರಿದುಕೊಂಡು ತೆರೆಯಬೇಕು.

"ಪ್ರತೀ ಸಲಾನೂ?"
ಪ್ರತೀ ಸಲವೂ.
ಅವಳು ಲೆನ್ಸ್ ಕೆಳಗಿಡಲಿಲ್ಲ.
"ಬಾಕಿ ಸಂಬಳ ಕೇಳಕ್ಕೆ ಆಪೀಸ್ಗೆ ಹೋಗೋವಾಗ
ನಂಗೂ ಹಂಗೇ ಆಯ್ತದೆ."

ಆಮೇಲೆ ಬ್ಲೇಡು.
ಒಂದನ್ನು ಗಾಜಿನ ತಟ್ಟೆಗೆ ತೆಗೆದು ನಡುವಿಗೆ ಒತ್ತಿದೆ.
ಮುದುಡಿ ಎರಡು ಸಾಸಿವೆಯಾಯಿತು.
ಗುರುವಾರದ ಹೊತ್ತಿಗೆ ಕೆಳಗಿನದಕ್ಕೆ ಕೈ ಮೊಳೆತಿತ್ತು,
ಮೇಲಿನದು ಪಾದ ಊರಿತ್ತು.
ಯಾವುದು ಮೊದಲಿನದು ಎಂದು ಕೇಳಿದ ಹುಡುಗನಿಗೆ
ಜರ್ನಲ್ ಬರಿ ಎಂದು ಗದರಿದೆ.

ಸಣ್ಣತಾಯಮ್ಮ ತಟ್ಟೆಯ ಅಂಚಿಗೆ ಬೆರಳಿಟ್ಟಿದ್ದಳು,
ತುದಿಯಿಲ್ಲದ ಆ ಬೆರಳನ್ನೇ.
ಅಲುಗಾಟಕ್ಕೆ ಎರಡೂ ಕುಗ್ಗಿದವು,
ತುಸು ಹೊತ್ತು ಕಾದು ಮತ್ತೆ ಉದ್ದವಾದವು.
ಮನುಷ್ಯರ ಮೈ ಯಾಕೆ ಹೀಗಲ್ಲ ಎಂಬುದಕ್ಕೆ
ನನ್ನ ಬಳಿ ನಲವತ್ತು ನಿಮಿಷದ ಪಾಠವಿತ್ತು.
ತೆಗೆಯಲಿಲ್ಲ.
"ಇದಕ್ಕೆ ಮುಪ್ಪು?" ಎಂದಳು.
ಕಾದು ನೋಡಿದವರಿಗೇ ಮೊದಲು ಬಂತಂತೆ, ಎಂದೆ.
ನಕ್ಕಳು, ಅಥವಾ ಫಾರ್ಮಾಲಿನ್ನಿಗೆ ಕೆಮ್ಮಿದಳು.

ಪ್ರಾಕ್ಟಿಕಲ್ ಮುಗಿದ ಸಂಜೆ
ಎಲ್ಲವನ್ನೂ ಸಿಂಕಿಗೆ ಸುರಿಯಲು ಹೇಳಿ ಮನೆಗೆ ಹೋದೆ.
ಸೋಮವಾರ ಬಾಟಲಿ ತೊಳೆದು ಬೋರಲು ಹಾಕಿತ್ತು.
ಸಿಂಕು ಒಣಗಿತ್ತು.
ಬಾಗಿಲ ಬಳಿ ಬಿಟ್ಟ ಅವಳ ಚಪ್ಪಲಿಗೆ
ಕೆರೆಯ ಕೆಸರು, ಇನ್ನೂ ಪೂರ್ತಿ ಒಣಗದ್ದು.